ಮನೆ ಹಚ್ಚಿದ ದೀಪದ ಬಿಲ್ಲು

ನಮ್ಮೂರಿನ ಕರೆಂಟ್ ಬಿಲ್ಲಿನಲ್ಲಿ ಎರಡು ಸಾಲು ಇರುತ್ತವೆ. ಮೊದಲನೆಯದು ಮನೆಯವರು ಉರಿಸಿದ್ದು, ಎರಡನೆಯದು ಮನೆ ಉರಿಸಿದ್ದು. ಹೊರಗಿನಿಂದ ವರ್ಗವಾಗಿ ಬಂದ ನೌಕರರು ಮೊದಲ ತಿಂಗಳು ಬಿಲ್ಲು ಹಿಡಿದುಕೊಂಡು ಕಚೇರಿಗೆ ಜಗಳಕ್ಕೆ ಹೋಗುತ್ತಾರೆ. ಮುಂದಿನ ತಿಂಗಳು ಸುಮ್ಮನಾಗುತ್ತಾರೆ. ಆಮೇಲಾಮೇಲೆ ಬಿಲ್ಲು ಕೈಗೆ ಬಂದ ಕೂಡಲೇ ಎರಡನೆಯ ಸಾಲಿನಲ್ಲಿ ಏನಾದರೂ ಬಿದ್ದಿದೆಯೇ ಎಂದು ಕದ್ದು ನೋಡಲು ಶುರುಮಾಡುತ್ತಾರೆ. ಯಾಕೆಂದರೆ ನಮ್ಮೂರಿನ ಮನೆಗಳು ತಮಗೆ ಬೇಕಾದವರು ಹೊರಗೆ ಹೋಗಿ ಬರುವ ಹೊತ್ತಿಗೆ ತಾವೇ ದೀಪ ಹಾಕಿಕೊಂಡು ಕಾಯುತ್ತವೆ. ಬೇಡದವರಿಗೆ ಕಾಯುವುದಿಲ್ಲ, ಅಷ್ಟೇ.

ಜವಳಿ ಅಂಗಡಿಯ ಮಲ್ಲೇಶಪ್ಪ ಸಂತೆಯಿಂದ ಬರುವಷ್ಟರಲ್ಲಿ ಅವನ ಮನೆ ಬಚ್ಚಲಲ್ಲಿ ನೀರು ಕಾಯಿಸಿಟ್ಟಿರುತ್ತದೆ. ತಿರುವಿನ ಮನೆಯ ದಾಸಣ್ಣ ಕುಡಿದು ಎಂಥ ಸ್ಥಿತಿಯಲ್ಲಿ ಬಂದರೂ ಅವನ ಮನೆ ಅಟ್ಟದ ದೀಪವನ್ನೂ ಬಿಡದೆ ಹಚ್ಚಿಕೊಂಡು ನಿಂತಿರುತ್ತದೆ. “ಕಟ್ಟಿಕೊಂಡವಳಿಗೆ ಬೇಡವಾದ್ರೂ ಕಟ್ಟಿಸಿಕೊಂಡಿದ್ದಕ್ಕೆ ಬೇಕು ನೋಡಿ ಈ ಮಹಾರಾಯ” ಎಂದು ಅವನ ಹೆಂಡತಿ ಚೌಡಮ್ಮ ಒಂದೊಂದೇ ಸ್ವಿಚ್ಚು ಆರಿಸುತ್ತ ಬೈಯುತ್ತಾಳೆ. ಹೆಣ್ಣು ಕೊಡುವವರು ಗಂಡಿನ ಸಂಬಳ ಕೇಳುವ ಮೊದಲು ಹಳೆಯ ಬಿಲ್ಲು ಕೇಳುತ್ತಾರೆ. ಎರಡನೆಯ ಸಾಲು ಚೆನ್ನಾಗಿದ್ದರೆ ಹುಡುಗ ಹೇಗಿದ್ದರೂ ಮನೆ ಒಳ್ಳೆಯದು ಎಂದು ಸಮಾಧಾನಪಟ್ಟುಕೊಳ್ಳುತ್ತಾರೆ.

ನಮ್ಮ ಮನೆಯ ಎರಡನೆಯ ಸಾಲಿನಲ್ಲಿ ಮಾತ್ರ ಯಾವಾಗಲೂ ಸೊನ್ನೆ. ನಾನು ತೂಕ ಮತ್ತು ಅಳತೆ ಇಲಾಖೆಯಲ್ಲಿ ಇನ್‌ಸ್ಪೆಕ್ಟರಾಗಿ ನಿವೃತ್ತನಾದವನು, ಸೊನ್ನೆ ಕಂಡರೆ ನನಗೆ ಬೇಜಾರಿಲ್ಲ. ತಕ್ಕಡಿಯ ಮುಳ್ಳು ಸೊನ್ನೆಯಲ್ಲಿ ನಿಂತರೆ ಸಂತೋಷಪಟ್ಟುಕೊಂಡೇ ಸರ್ವೀಸು ಮುಗಿಸಿದ್ದೇನೆ. ನನಗಾಗಿ ಒಮ್ಮೆ ಹಿತ್ತಿಲಿನ ದೀಪ ಹತ್ತಿದ್ದುಂಟು. ಅದೂ ನನಗೋ ಪಕ್ಕದ ಮನೆಯ ಬೆಕ್ಕಿಗೋ ಇವತ್ತಿಗೂ ಖಚಿತವಿಲ್ಲ. ಆದರೆ ನನ್ನ ಹೆಂಡತಿ ಅಂಬುಜಾಕ್ಷಿಯ ವಿಷಯ ಬೇರೆ. ಮದುವೆಯಾದ ವರ್ಷ ಈ ಮನೆಗೆ ಬಂದವಳು ಅವಳು. ದಿನಾ ಎರಡು ಹೊತ್ತು ಗುಡಿಸಿ, ಶುಕ್ರವಾರ ಹೊಸ್ತಿಲಿಗೆ ಅರಿಶಿನ ಹಚ್ಚಿ, ಮೂಲೆಯಲ್ಲಿ ಒಂದು ಜೇಡರ ಬಲೆ ಕಂಡರೆ ಊಟದ ಎಲೆ ಬಿಟ್ಟು ಎದ್ದು ಹೋಗುವವಳು. ಅಷ್ಟು ಮಾಡಿದವಳಿಗೆ ಸೊನ್ನೆ ಎಂದರೆ ಹೇಗಾಗಬೇಕು? ಯಾರಾದರೂ ಕೇಳಿದರೆ “ನಮ್ಮನೆ ದುಂದು ಮಾಡೋದಿಲ್ಲ. ಹಾಗೆ ಬೆಳೆಸಿದೀನಿ” ಎನ್ನುತ್ತಿದ್ದಳು. ಕೇಳಿದವರು ತಲೆ ಅಲ್ಲಾಡಿಸಿ ಬೀದಿ ತಿರುವಿನಲ್ಲಿ ನಗುತ್ತಿದ್ದರು. ಅದು ಅವಳಿಗೂ ಗೊತ್ತಿತ್ತು.

ಮಗಳ ಬಾಣಂತನ ಬಂತು. ಅವಳು ಹೊಳೆಯಾಚೆಯ ಊರಿನಲ್ಲಿ ಗಂಡನ ಜೊತೆ ಇರುವವಳು, ಇಬ್ಬರೂ ಹೋಗಿ ಮೂರು ತಿಂಗಳು ಇದ್ದು ಬರಬೇಕಾಯಿತು. ನಮ್ಮೂರಿನಲ್ಲಿ ಮನೆಯನ್ನು ಖಾಲಿ ಬಿಟ್ಟು ಹೋಗುವ ಹಾಗಿಲ್ಲ. ಒಳಗೆ ಯಾರೂ ಇಲ್ಲ ಎಂದು ಗೊತ್ತಾದರೆ ಮನೆಗಳು ಹೆದರಿ ಇದ್ದಬದ್ದ ದೀಪವನ್ನೆಲ್ಲ ಹಾಕಿಕೊಂಡು, ನಲ್ಲಿಗಳನ್ನೆಲ್ಲ ಬಿಟ್ಟುಕೊಂಡು ಕೂರುತ್ತವೆ. ಬೀದಿಯವರಿಗೆ ನಿದ್ದೆಯಿಲ್ಲ, ಟ್ಯಾಂಕಿನಲ್ಲಿ ನೀರಿಲ್ಲ. ಹಾಗಾಗಿ ಊರಿಗೆ ಹೋಗುವವರು ಮನೆ ಕಾಯುವವರನ್ನು ಗೊತ್ತುಮಾಡಿಯೇ ಹೋಗಬೇಕು. ಕಾಯುವವರಿಗೆ ಇರುವುದಕ್ಕೆ ಜಾಗ ಸಿಗುತ್ತದೆ, ನಮಗೆ ನೆಮ್ಮದಿ. ತಾವು ಉರಿಸಿದ್ದರ ಬಿಲ್ಲು, ಅಂದರೆ ಮೊದಲ ಸಾಲು, ಅವರೇ ಕಟ್ಟುತ್ತಾರೆ. ಎರಡನೆಯ ಸಾಲಿನ ಮಾತು ಯಾವತ್ತೂ ಬಂದಿರಲಿಲ್ಲ. ನಾಲ್ಕು ದಿನ ಇದ್ದು ಹೋಗುವವರಿಗೆ ಯಾವ ಮನೆ ದೀಪ ಹಚ್ಚುತ್ತದೆ?

ನಾವು ಗೊತ್ತುಮಾಡಿದ್ದು ಸುಗಂಧಿಯನ್ನು. ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ, ವಯಸ್ಸು ನಲವತ್ತು ದಾಟಿದೆ, ಮದುವೆಯ ಗೋಜಿಗೆ ಹೋಗಿಲ್ಲ, ಸ್ವಂತಕ್ಕೊಂದು ಸೂರೂ ಇಲ್ಲ. ಒಂದು ಟ್ರಂಕು, ಒಂದು ಕುಕ್ಕರ್ ಹಿಡಿದುಕೊಂಡು ವರ್ಷಪೂರ್ತಿ ಒಬ್ಬರ ಮನೆಯಿಂದ ಇನ್ನೊಬ್ಬರ ಮನೆಗೆ ಕಾಯಲು ಹೋಗುತ್ತಿರುತ್ತಾಳೆ. ಕೈ ಶುದ್ಧ, ಬಾಯಿ ಮಾತ್ರ ಸ್ವಲ್ಪ ಉದ್ದ ಎಂದು ಬೀದಿಯವರ ಸರ್ಟಿಫಿಕೇಟು. ಅಂಬುಜಾಕ್ಷಿ ಅವಳಿಗೆ ಬೀಗದ ಕೈ ಕೊಡುವ ಮುನ್ನ ಯಾವ ಡಬ್ಬ ಎಲ್ಲಿ, ಯಾವ ಬಟ್ಟೆಯಲ್ಲಿ ಏನು ಒರೆಸಬೇಕು, ಯಾವ ಕಿಟಕಿಯನ್ನು ಯಾವ ಹೊತ್ತಿಗೆ ತೆರೆಯಬೇಕು ಎಂದು ಪಾಠ ಮಾಡಿದಳು. ಸುಗಂಧಿ ಎಲ್ಲಕ್ಕೂ “ಆಯ್ತು ಅಕ್ಕ” ಎಂದಳು. ಆಮೇಲೆ ಗೊತ್ತಾಯಿತು, ಅದರಲ್ಲಿ ಅರ್ಧವನ್ನೂ ಅವಳು ಮಾಡಿರಲಿಲ್ಲ.

ನಾವು ವಾಪಸು ಬಂದದ್ದು ಸಾಯಂಕಾಲದ ಬಸ್ಸಿನಲ್ಲಿ. ಮನೆಯ ಗೇಟಿನ ಮುಂದೆ ಚೀಲಗಳನ್ನು ಇಳಿಸಿಕೊಂಡು ನಿಂತಾಗ ಆಗಲೇ ಮಬ್ಬುಗತ್ತಲು. ಬೀದಿಯ ಎಲ್ಲ ಮನೆಗಳಲ್ಲೂ ದೀಪವಿತ್ತು, ನಮ್ಮದರಲ್ಲಿ ಇರಲಿಲ್ಲ. ಸುಗಂಧಿ ಇನ್ನೂ ಅಂಗಡಿಯಿಂದ ಬಂದಿಲ್ಲವೇನೋ ಎಂದುಕೊಂಡು ನಾನು ಬೀಗದ ಕೈಗೆ ತಡಕುತ್ತಿದ್ದೆ. ಅಷ್ಟರಲ್ಲಿ ಗೇಟಿನ ಕಂಬದ ದೀಪ ಝಗ್ಗೆಂದು ಹತ್ತಿತು. ಅದರ ಹಿಂದೆಯೇ ಜಗಲಿಯದು, ಹಜಾರದ್ದು, ಮಹಡಿಯ ಮೆಟ್ಟಿಲಿನದು, ದೇವರ ಗೂಡಿನ ಪುಟಾಣಿ ಕೆಂಪು ಬಲ್ಬು ಕೂಡ. ಅಂಬುಜಾಕ್ಷಿ ಕೈಯಲ್ಲಿದ್ದ ಬಾಣಂತಿ ಲೇಹ್ಯದ ಖಾಲಿ ಡಬ್ಬವನ್ನು ಎದೆಗೆ ಒತ್ತಿಕೊಂಡಳು. “ನೋಡಿದ್ರೇನ್ರೀ! ನೋಡಿದ್ರಾ! ನಾನು ಬಂದಿದ್ದು ಗೊತ್ತಾಯ್ತು ಅದಕ್ಕೆ” ಎಂದಳು. ಕಣ್ಣಲ್ಲಿ ನೀರು ನಿಂತಿತ್ತು.

“ಅಯ್ಯೋ, ಅಕ್ಕ! ಯಾವಾಗ ಬಂದ್ರಿ?” ಎಂದು ಹಿಂದಿನಿಂದ ಯಾರೋ ಕೂಗಿದರು. ತಿರುಗಿದರೆ ಸುಗಂಧಿ. ಹೆಗಲಿಗೆ ಚೀಲ, ಕೈಯಲ್ಲಿ ಒಂದು ಕಟ್ಟು ಮೆಂತ್ಯದ ಸೊಪ್ಪು. ಮನೆಯ ಕಡೆ ನೋಡಿ “ಸಾಕು ಸಾಕು, ಬಂದೆ, ಇಷ್ಟೊಂದು ಯಾಕೆ ಹಾಕ್ತೀಯ” ಎಂದಳು. ಹಜಾರದ, ಮೆಟ್ಟಿಲಿನ ದೀಪಗಳೆರಡು ವಿಧೇಯವಾಗಿ ಆರಿದವು. ಅಂಬುಜಾಕ್ಷಿಯ ಮುಖದ ಕಡೆ ನೋಡುವ ಧೈರ್ಯ ನನಗಾಗಲಿಲ್ಲ. ನಾನು ಬಗ್ಗಿ ಚೀಲಗಳನ್ನು ಎತ್ತಿಕೊಂಡೆ.

ಸುಗಂಧಿ ಮಾರನೆಯ ದಿನವೇ ಟ್ರಂಕು ಎತ್ತಿಕೊಂಡು ಎದುರು ಸಾಲಿನ ಔಷಧಿ ಅಂಗಡಿಯವರ ಮನೆ ಕಾಯಲು ಹೋದಳು. ಹೋದವಳು ದೂರವಾದರೂ ಹೋಗಬಾರದಿತ್ತೇ! ಸಾಯಂಕಾಲ ಅವಳು ಬೀದಿಗೆ ಕಾಲಿಟ್ಟಳೋ ಇಲ್ಲವೋ, ಎದುರು ಮನೆ ಕತ್ತಲಲ್ಲೇ ಇದ್ದರೂ ನಮ್ಮ ಮನೆ ಮುಂದೆ ಬಿದ್ದು ದೀಪ ಹಾಕಿಕೊಳ್ಳುತ್ತಿತ್ತು. ಅಂಬುಜಾಕ್ಷಿ ಸೆರಗು ಸಿಕ್ಕಿಸಿಕೊಂಡು ಒಂದೊಂದಾಗಿ ಆರಿಸುತ್ತ “ನಾಚಿಕೆ ಆಗ್ಬೇಕು ನಿನಗೆ” ಎಂದು ಗೋಡೆಗೆ ಬೈಯುತ್ತಿದ್ದಳು. ಒಂದು ವಾರ ಹೀಗೆ ನಡೆದು, ಮನೆ ಮುನಿಸಿಕೊಂಡು ಸುಮ್ಮನಾಯಿತು. ಆಮೇಲೆ ಮೂರು ತಿಂಗಳ ಬಾಕಿಯೂ ಸೇರಿ ಬಿಲ್ಲು ಬಂತು. ಎರಡನೆಯ ಸಾಲಿನಲ್ಲಿ ದಾಸಣ್ಣನ ಮನೆಯೂ ತಲೆ ತಗ್ಗಿಸಬೇಕು, ಅಷ್ಟು.

“ಇದನ್ನ ಸುಗಂಧಿ ಕಟ್ಬೇಕು” ಎಂದಳು ಅಂಬುಜಾಕ್ಷಿ. “ಅವಳೇನು ಸ್ವಿಚ್ಚು ಹಾಕಿಲ್ವಲ್ಲೇ” ಎಂದೆ. “ಹಾಕಿಲ್ಲ. ಹಾಕಿಸ್ಕೊಂಡಿದಾಳೆ. ನೀವು ಅವಳ ಕಡೆ ಮಾತಾಡ್ಬೇಡಿ.” ನಾನು ಯಾರ ಕಡೆಯೂ ಮಾತಾಡುವವನಲ್ಲ, ಮೂವತ್ತು ವರ್ಷ ತಕ್ಕಡಿಯ ನಡುವಿನ ಮುಳ್ಳು ನೋಡಿಕೊಂಡು ಬದುಕಿದವನು. ಆದರೆ ಹೆಂಡತಿಯ ಎದುರು ಆ ಮುಳ್ಳು ನಿಲ್ಲುವುದಿಲ್ಲ. ಬೀದಿ ಸಂಘಕ್ಕೆ ದೂರು ಹೋಯಿತು.

ಭಾನುವಾರ ಬೆಳಿಗ್ಗೆ ಶಾಲೆಯ ಜಗಲಿಯ ಮೇಲೆ ಸಂಘ ಸೇರಿತು. ಅಧ್ಯಕ್ಷರು ನೀಲಕಂಠಯ್ಯನವರು. ಅವರ ಮನೆ ಅವರಿಗಾಗಿ ದೀಪ ಹಚ್ಚುವುದು ಸಂಘದ ಚುನಾವಣೆ ಹತ್ತಿರ ಬಂದಾಗ ಮಾತ್ರ, ಅದೂ ಒಳಗಿನಿಂದ ಸೊಸೆಯ ಕೈವಾಡ ಎಂದು ಗುಮಾನಿಯಿದೆ. “ಮನೆ ಕಾಯೋರು ಮೊದಲನೇ ಸಾಲು ಕಟ್ಟೋದು ಪದ್ಧತಿ, ಸುಗಂಧಿ ಕಟ್ಟಿದಾಳೆ. ಎರಡನೇದು ಯಾರ ಬಾಬ್ತು, ಅದನ್ನ ಇವತ್ತು ತೀರ್ಮಾನ ಮಾಡಣ” ಎಂದು ಗಂಟಲು ಸರಿಮಾಡಿಕೊಂಡರು. ಮಲ್ಲೇಶಪ್ಪ ಎದ್ದು “ಇದರಲ್ಲಿ ತೀರ್ಮಾನ ಏನು ಬಂತು? ನಾಯಿ ಸಾಕಿದೋನು ತಾನೇ ಅನ್ನ ಹಾಕ್ಬೇಕು” ಎಂದ. ಅಂಬುಜಾಕ್ಷಿ ಕೂತಲ್ಲಿಂದಲೇ “ನಾಯಿ ಕಂಡೋರ ಹಿಂದೆ ಬಾಲ ಅಲ್ಲಾಡಿಸ್ಕೊಂಡು ಹೋದ್ರೆ?” ಎಂದಳು. “ಹಂಗಾದ್ರೆ ನಮ್ಮನೆ ಬಿಲ್ಲನ್ನ ಹೆಂಡದಂಗಡಿಯೋನು ಕಟ್ಲಿ, ಅವನ ದೆಸೆಯಿಂದ ತಾನೇ ಇವನು ತಡವಾಗಿ ಬರೋದು” ಎಂದು ಚೌಡಮ್ಮ ನಡುವೆ ಬಾಯಿ ಹಾಕಿದಳು. ದಾಸಣ್ಣ ಚಾವಣಿ ನೋಡುತ್ತ ಕೂತ.

ನಕ್ಕು ಮುಗಿಸಿದ ಮೇಲೆ ಸುಗಂಧಿಯನ್ನು ಕೇಳಿದರು. ಅವಳು ಹೇಳಿದ್ದಿಷ್ಟು: “ನೆಂಟರ ಮನೆಗೆ ಹೋಗ್ತೀವಿ. ಅವರೇ ಪ್ರೀತಿಯಿಂದ ಹೋಳಿಗೆ ತಟ್ಟಿ, ಬೇಡ ಬೇಡ ಅಂದ್ರೂ ಮೇಲೆ ತುಪ್ಪ ಸುರೀತಾರೆ. ತಿಂದು ಕೈ ತೊಳ್ಕೊಂಡು ಬಂದ್ಮೇಲೆ ಬೇಳೆ ಬೆಲ್ಲದ ದುಡ್ಡು ಇಡಿ ಅಂದ್ರೆ ಹೆಂಗೆ ಯಜಮಾನ್ರೇ? ನಾನೇನು ಕೇಳಿದ್ನಾ?” ಸಭೆ ಹೌದೌದು ಎಂದಿತು. ಆಗ ಅಂಬುಜಾಕ್ಷಿ ಎದ್ದು ನಿಂತು “ಹೋಳಿಗೆ ತಟ್ಟಿದ್ದು ನೆಂಟರೇ ಸರಿ. ಆದ್ರೆ ಮನೆ ಯಜಮಾನಿಗೆ ಒಂದು ದಿನವೂ ಒಂದು ತುಂಡು ಹಾಕ್ದೆ, ಬಂದೋರಿಗೆ ಮಾತ್ರ ಹಾಕಿದ್ರೆ ಆ ಬೇಳೆ ಯಾರದು?” ಎಂದಳು. ಅದಕ್ಕೂ ಸಭೆ ಹೌದೌದು ಎಂದಿತು. ನಮ್ಮ ಬೀದಿಯ ಸಭೆ ಯಾರು ಕೊನೆಯಲ್ಲಿ ಮಾತಾಡುತ್ತಾರೋ ಅವರ ಪರ.

ನೀಲಕಂಠಯ್ಯನವರು ಎಂದಿನಂತೆ ಅಡ್ಡಗೋಡೆಯ ಮೇಲೆ ದೀಪ ಇಟ್ಟರು. ಅರ್ಧ ಸುಗಂಧಿ, ಅರ್ಧ ನಾವು. ಸುಗಂಧಿ ವಾದಿಸಲಿಲ್ಲ. ಚೀಲದಿಂದ ಪರ್ಸು ತೆಗೆದು, ನೋಟುಗಳನ್ನು ಬೆಂಚಿನ ಮೇಲೆ ಇಟ್ಟು, ಹಾರಿಹೋಗದ ಹಾಗೆ ಮೇಲೆ ಕೈಯಿಟ್ಟುಕೊಂಡಳು. “ಕೊಡ್ತೀನಿ. ಆದ್ರೆ ಒಂದು ಮಾತು. ನನಗೆ ಹಚ್ಚಿದ ದೀಪಕ್ಕೆ ತಾನೇ ಕೊಡ್ತಿರೋದು? ಹಂಗಂತ ಅಕ್ಕ ಇಷ್ಟು ಜನರ ಮುಂದೆ ಒಂದ್ಸಲ ಬಾಯಿಬಿಟ್ಟು ಹೇಳ್ಲಿ. ಅದು ಸುಗಂಧಿಗೆ ಅಂತ್ಲೇ ಹಚ್ಚಿದ ದೀಪ, ಆ ಮನೆ ಕಾದಿದ್ದು ಸುಗಂಧೀನ ಅಂತ. ಊರೆಲ್ಲ ಮನೆ ಕಾದಿದೀನಿ, ನನಗೂ ಒಂದು ಮನೆ ಕಾದಿತ್ತು ಅಂತ ಲೆಕ್ಕಕ್ಕೆ ಬರ್ಲಿ. ದುಡ್ಡು ಹೋದ್ರೆ ಹೋಗ್ಲಿ.”

ಅಂಬುಜಾಕ್ಷಿ ಬೆಂಚಿನ ಮೇಲಿನ ಕೈಯನ್ನೇ ನೋಡಿದಳು. ಕೊನೆಗೆ ಆ ನೋಟುಗಳನ್ನು ಸುಗಂಧಿಯ ಕಡೆಗೇ ತಳ್ಳಿ, “ಬೇಡಮ್ಮ. ನನ್ನ ಮನೆ ದೀಪಕ್ಕೆ ನಾನೇ ಕಟ್ಕೋತೀನಿ” ಎಂದು ಹೇಳಿ, ನನಗೂ ಕಾಯದೆ ಮನೆಯ ಕಡೆ ನಡೆದುಬಿಟ್ಟಳು. ಗೆದ್ದವರು ಯಾರು ಎಂದು ಸಂಘಕ್ಕೆ ತಿಳಿಯಲಿಲ್ಲ. ನಡಾವಳಿಯಲ್ಲಿ ‘ಸೌಹಾರ್ದದಿಂದ ಬಗೆಹರಿಯಿತು’ ಎಂದು ಬರೆದುಕೊಂಡು ಎಲ್ಲರೂ ಕಾಫಿ ಕುಡಿದರು.

ಮನೆಗೆ ಬಂದರೆ ಅವಳು ಅಡುಗೆಮನೆಯಲ್ಲಿ ಈಳಿಗೆಮಣೆಯ ಮುಂದೆ ಕೂತಿದ್ದಳು. ಈರುಳ್ಳಿ ಹೆಚ್ಚುತ್ತಿದ್ದಾಳೆ ಎಂದುಕೊಂಡೆ. ಎದುರಿಗಿದ್ದದ್ದು ಹೀರೇಕಾಯಿ. ಅದಕ್ಕೆ ಯಾರೂ ಅಳುವುದಿಲ್ಲ. “ನಾನು ಏನು ಕಮ್ಮಿ ಮಾಡಿದೀನಿ ಹೇಳ್ರೀ ಈ ಮನೆಗೆ? ಅವಳು ಮೂಲೆ ಕೂಡ ಗುಡಿಸ್ತಿರಲಿಲ್ಲ. ಕಿಟಕಿ ಸರಳ ಮೇಲೆ ಬೆರಳಲ್ಲಿ ಹೆಸರು ಬರೀಬಹುದು, ಅಷ್ಟು ಧೂಳು. ಅವಳಿಗೆ ದೇವರ ಗೂಡಿನ ಬಲ್ಬೂ ಹತ್ತುತ್ತೆ. ನನಗೆ ಒಂದೇ ಒಂದು, ಒಂದೇ ಒಂದು ದೀಪ ಬೇಡ್ವಾ?” ಈ ಮನೆ ಕಟ್ಟಿಸುವಾಗ ಮೇಸ್ತ್ರಿಗೆ ನಾಲ್ಕು ಮಾತು ಹೆಚ್ಚು ಬೈದಿದ್ದರೆ ಬುದ್ಧಿ ಇರುತ್ತಿತ್ತೇನೋ ಎಂದುಕೊಂಡು ಹೀರೇಕಾಯಿಯನ್ನು ನಾನೇ ಹೆಚ್ಚಿದೆ. ಆ ದಿನದ ಪಲ್ಯ ಚೆನ್ನಾಗಿರಲಿಲ್ಲ.

ಮರುದಿನ ಬೆಳಿಗ್ಗೆ ಸುಗಂಧಿ ಅಂಗಡಿಗೆ ಹೋಗುವ ದಾರಿಯಲ್ಲಿ ಗೇಟಿನ ಹೊರಗೆ ನಿಂತಳು. ಒಳಗೆ ಬರಲಿಲ್ಲ, ಮನೆ ಮತ್ತೆ ಏನಾದರೂ ಮಾಡೀತೆಂಬ ಅಂಜಿಕೆಯೇನೋ. “ಅಕ್ಕ, ಒಂದು ಕೇಳ್ತೀನಿ, ಸಿಟ್ಟಾಗ್ಬೇಡಿ. ದೀಪ ಹಚ್ಚೋ ಹೊತ್ತಲ್ಲಿ ನೀವು ಯಾವತ್ತಾದ್ರೂ ಹೊರಗಿದ್ದಿದ್ದುಂಟಾ?” ಎಂದಳು. “ಮುತ್ತೈದೆ ದೀಪದ ಹೊತ್ತಿಗೆ ಹೊಸ್ತಿಲ ಒಳಗಿರ್ಬೇಕು ಅಂತ ನಮ್ಮತ್ತೆ ಹೇಳಿಕೊಟ್ಟಿದ್ದು. ಎಲ್ಲಿದ್ರೂ ಓಡಿ ಬರ್ತೀನಿ. ಇವರ ಹತ್ರ ಕೇಳು ಬೇಕಾದ್ರೆ” ಎಂದು ಅಂಬುಜಾಕ್ಷಿ ಹೆಮ್ಮೆಯಿಂದಲೇ ಹೇಳಿದಳು. ಅದು ನಿಜ. ಮಾರ್ಕೆಟ್ಟಿನಲ್ಲಿ ಅರ್ಧ ತೂಗಿಸಿದ ಬೀನ್ಸನ್ನು ತಕ್ಕಡಿಯಲ್ಲೇ ಬಿಟ್ಟು ಓಡಿಬಂದದ್ದನ್ನು ನಾನೇ ಕಂಡಿದ್ದೇನೆ.

“ಮತ್ತೆ ಮನೆ ಯಾರನ್ನ ಕಾಯ್ಬೇಕು ಅಕ್ಕ, ನೀವು ಒಳಗೇ ಇದ್ರೆ?” ಎಂದಳು ಸುಗಂಧಿ. ಅಂಬುಜಾಕ್ಷಿ ಸುಮ್ಮನೆ ಬಿಡುವವಳಲ್ಲ. “ಬಾಣಂತನಕ್ಕೆ ಹೋದಾಗ ಹೊರಗಿರ್ಲಿಲ್ವಾ? ಬಂದಾಗ ಏನು ಮಾಡ್ತು?” ಸುಗಂಧಿ ಗೇಟಿನ ಸರಳು ಹಿಡಿದು ಸ್ವಲ್ಪ ಯೋಚಿಸಿದಳು. “ನೀವು ಹೋಗಿದ್ದೇ ಅದಕ್ಕೆ ಗೊತ್ತಾಗಿಲ್ಲ ಅನ್ಸುತ್ತೆ. ಸಾಯಂಕಾಲ ಆದ್ರೆ ನಿಮ್ಮ ಅಡುಗೆಮನೆ ಬಾಗಿಲು ತಾನಾಗೇ ಅಲ್ಲಾಡೋದು, ಆಡ್ತಾನೇ ಇರೋದು. ನಾನು ಗಾಳಿ ಅಂದ್ಕೊಂಡೆ. ನೀವು ಒಳಗೇ ಎಲ್ಲೋ ಇದೀರಿ ಅಂತ ಹುಡುಕ್ತಿತ್ತೇನೋ ಪಾಪ. ನನಗೇನು, ಬೆಳಿಗ್ಗೆ ಹೋಗೋಳು ಸಾಯಂಕಾಲ ಬರೋಳು, ಕಾಯೋಕೆ ಸುಲಭ.” ಇಷ್ಟು ಹೇಳಿ, ಅಂಗಡಿಗೆ ಹೊತ್ತಾಯಿತು ಎಂದು ಹೋದಳು. ಅಂಬುಜಾಕ್ಷಿ ಬಹಳ ಹೊತ್ತು ಅಡುಗೆಮನೆಯ ಬಾಗಿಲಿಗೆ ಕೈಯಿಟ್ಟುಕೊಂಡು ನಿಂತಿದ್ದಳು.

ಆವತ್ತು ಸಾಯಂಕಾಲ ತಲೆ ಬಾಚಿಕೊಂಡು, ಹೊಸ ಚಪ್ಪಲಿ ಹಾಕಿಕೊಂಡು, “ನಾನು ಹೊರಗೆ ಹೋಗ್ತಿದೀನಿ” ಎಂದಳು. “ಎಲ್ಲಿಗೆ?” ಎಂದೆ. “ಗೊತ್ತಿಲ್ಲ” ಎಂದಳು. ಹೊರಡುವ ಮೊದಲು ನನಗೆ ಕಟ್ಟಪ್ಪಣೆಯಾಯಿತು: ಕತ್ತಲಾದರೂ ನಾನು ಒಂದು ಸ್ವಿಚ್ಚನ್ನೂ ಮುಟ್ಟಕೂಡದು. ನಾನು ದೀಪ ಹಾಕಿಕೊಂಡರೆ ಮನೆಯ ಪಾಲಿನ ಕೆಲಸ ಮುಗಿದುಹೋಗುತ್ತದೆ, ಅದಕ್ಕೆ ಕಾಯುವ ಅಗತ್ಯವೇ ಬೀಳುವುದಿಲ್ಲ. “ಕೈ ಸುಮ್ಮನಿಟ್ಕೊಂಡು ಕೂತ್ಕೊಳ್ಳಿ, ನಿಮಗೇನು ಅಭ್ಯಾಸ ಇಲ್ದಿದ್ದಲ್ಲ” ಎಂದು ಒಂದು ಮಾತು ಕುಟುಕಿ ಹೋದಳು.

ಮೊದಲ ದಿನ ಅವಳು ಬೆಳಕಿರುವಾಗಲೇ ವಾಪಸು ಬಂದಳು. ದೇವಸ್ಥಾನಕ್ಕೆ ಹೋಗಿದ್ದಳಂತೆ, ಮೂರು ಸುತ್ತಿಗೆ ದೇವರೂ ಮುಗಿದು ಆಮೇಲೆ ಏನು ಮಾಡಬೇಕೋ ತಿಳಿಯಲಿಲ್ಲವಂತೆ. ಎರಡನೆಯ ದಿನ ಕಾಲು ಕಟ್ಟಿಹಾಕಿದವಳ ಹಾಗೆ ಪಾರ್ಕಿನ ಬೆಂಚಿನಲ್ಲಿ ಕೂತಳು, ಆದರೂ ದೀಪದ ಹೊತ್ತಿಗೆ ಕಾಲುಗಳು ತಾವಾಗಿ ಎದ್ದು ಓಡಿಬಂದುಬಿಟ್ಟವಂತೆ. ಕೊನೆಗೆ ಸುಗಂಧಿಯೇ ಅವಳನ್ನು ಕನ್ನಡಕದ ಅಂಗಡಿಯಲ್ಲಿ ತನ್ನ ಪಕ್ಕದ ಸ್ಟೂಲಿನ ಮೇಲೆ ಕೂರಿಸಿಕೊಂಡಳು. ಅಲ್ಲಿ ಕೂತವಳು ಸುಮ್ಮನಿರಬೇಕಲ್ಲ. ಬಂದ ಗಿರಾಕಿಗಳಿಗೆ “ಈ ದಪ್ಪ ಫ್ರೇಮು ಬೇಡಪ್ಪ, ನಿನ್ನ ಮುಖ ಗೂಬೆ ಹಾಗೆ ಕಾಣುತ್ತೆ” ಎಂದು ಶುರುಮಾಡಿದಳು. ಜನ ಅದನ್ನು ಕೇಳುವುದಕ್ಕೇ ಬರತೊಡಗಿದರು. ಅಂಗಡಿಯವನು ಅವಳಿಗೆ ದಿನಾ ಟೀ ತರಿಸಿಕೊಟ್ಟ. ಬೇರೆಯವರು ಮಾಡಿದ ಟೀ ಕುಡಿದು ಅವಳ ಮುಖಕ್ಕೊಂದು ಕಳೆಯೇ ಬಂದಿತ್ತು, ಸುಳ್ಳು ಯಾಕೆ ಹೇಳಲಿ.

ನಾನು ಇತ್ತ ಕತ್ತಲಲ್ಲಿ. ಹಜಾರದ ಕುರ್ಚಿಯಲ್ಲಿ ಕೂತು ಸೊಳ್ಳೆ ಹೊಡೆದುಕೊಳ್ಳುತ್ತಿದ್ದೆ. ನೀರು ಕುಡಿಯಲು ಎದ್ದಾಗಲೆಲ್ಲ ಟೀಪಾಯಿಗೆ ಮೊಣಕಾಲು ತಗುಲಿ ದೇವರೆಲ್ಲ ನೆನಪಾಗುತ್ತಿದ್ದರು. ಮನೆಗೆ ಪುಸಲಾಯಿಸಿ ಹೇಳಿದೆ: “ನೋಡಪ್ಪ, ನನ್ನದು ಬಿಡು. ಅವಳಿಗೊಂದು ಹಾಕು. ಹೊರಗಡೆದೊಂದು ಸಾಕು.” ಹೆದರಿಸಿಯೂ ನೋಡಿದೆ, ಈ ಸಲ ಸುಣ್ಣ ಬಳಿಸುವುದಿಲ್ಲ ಎಂದೆ. ಗೋಡೆಗೆ ಕಿವಿಯಿಟ್ಟು ಕೇಳಿದರೆ ಒಳಗೆ ಹಲ್ಲಿ ಲೊಚಗುಟ್ಟಿತು. ಹೊರಗಿನಿಂದ ಅವಳ ಹೆಜ್ಜೆ ಸದ್ದು ಬರುತ್ತಿತ್ತು, ಗೇಟಿನ ಹತ್ತಿರ ಒಂದು ಕ್ಷಣ ನಿಲ್ಲುತ್ತಿತ್ತು. ಆಮೇಲೆ ಬಾಗಿಲು ತಳ್ಳಿಕೊಂಡು ಒಳಗೆ ಬಂದು, ಕತ್ತಲಲ್ಲೇ, “ಕರೆಂಟ್ ಇದೆಯೇನ್ರೀ?” ಎಂದು ಕೇಳುತ್ತಿದ್ದಳು. “ಇದೆ” ಎನ್ನುತ್ತಿದ್ದೆ. ಅವಳು ಸ್ವಿಚ್ಚು ಹಾಕುತ್ತಿದ್ದಳು. ದಿನಾ ಅದೇ ಪ್ರಶ್ನೆ, ಅದೇ ಉತ್ತರ. ಇಲ್ಲ ಎಂದು ಒಂದು ಸುಳ್ಳು ಹೇಳಿಬಿಡಬೇಕು ಅನ್ನಿಸುತ್ತಿತ್ತು, ಆದರೆ ಎದುರು ಮನೆಯಲ್ಲಿ ಆಗಲೇ ಸುಗಂಧಿಗೆ ಝಗಝಗ ಹತ್ತಿರುತ್ತಿತ್ತಲ್ಲ.

ತಿಂಗಳಾಗುತ್ತ ಬಂತು. ಒಂದು ಸಾಯಂಕಾಲ ಹೊರಡುವಾಗ ಅವಳು ಬಾಗಿಲಲ್ಲಿ ನಿಂತು, ನನ್ನ ಕಡೆ ನೋಡದೆ ಹೇಳಿದಳು: “ಇವತ್ತೊಂದು ದಿನ ಹೋಗಿ ಬರ್ತೀನಿ. ನಾಳೆಯಿಂದ ಮನೇಲೇ ಇರ್ತೀನಿ. ಸಾಕು ಈ ನಾಟಕ. ಅದಕ್ಕೆ ನಾನು ಬೇಕಾಗಿಲ್ಲ, ಬೇಕಾಗಿಲ್ಲ ಅಷ್ಟೆ.” ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅಂಬುಜಾಕ್ಷಿ ಮೆತ್ತಗೆ ಮಾತಾಡಿದರೆ ನನಗೆ ಕೈಕಾಲು ಆಡುವುದಿಲ್ಲ.

ಆಗಲೇ ನಿಶ್ಚಯಿಸಿಬಿಟ್ಟೆ. ಜೀವಮಾನದಲ್ಲಿ ಒಂದು ಕಳ್ಳತೂಕಕ್ಕೂ ಮುದ್ರೆ ಒತ್ತಿದವನಲ್ಲ ನಾನು. ಇವತ್ತು ಒತ್ತುತ್ತೇನೆ ಎಂದುಕೊಂಡೆ. ಅವಳು ಬೀದಿಗೆ ಬರುವ ಹೊತ್ತಿಗೆ ಸರಿಯಾಗಿ ಗೇಟಿನ ಕಂಬದ ದೀಪವನ್ನು ನಾನೇ ಹಾಕಿಬಿಡುವುದು, ಹಾಕಿ ಕುರ್ಚಿಗೆ ಹೋಗಿ ಏನೂ ಅರಿಯದವನ ಹಾಗೆ ಕೂರುವುದು. ಮನೆ ಹಚ್ಚಿತು ಎಂದುಕೊಳ್ಳುತ್ತಾಳೆ. ಬಿಲ್ಲು ಬಂದಾಗ ನೋಡಿಕೊಂಡರಾಯಿತು. ಸೊಳ್ಳೆಗೆ ಮುಂಬಾಗಿಲು ಮುಚ್ಚಿದ್ದೆ. ಹಜಾರದ ಕಿಟಕಿಗಳ ಮರದ ಬಾಗಿಲುಗಳನ್ನೂ ಹಾಕಿದ್ದೆ. ಕತ್ತಲಲ್ಲಿ ಗೋಡೆ ತಡವಿಕೊಂಡು ಸ್ವಿಚ್ಚಿನ ಹತ್ತಿರ ಹೋಗಿ, ಬೆರಳಿಟ್ಟುಕೊಂಡು, ಕಿವಿ ನಿಮಿರಿಸಿ ನಿಂತೆ. ದೂರದಲ್ಲಿ ಅವಳ ಚಪ್ಪಲಿಯ ಸದ್ದು ಕೇಳಿತು. ಒತ್ತಿದೆ. ಟಕ್.

“ಅಯ್ಯೋ! ಅಯ್ಯಯ್ಯೋ! ಯಾರ್ರೀ ಅದು!” ಎಂದು ಬೀದಿಯಿಂದ ಒಂದು ಕೂಗು. ಚಪ್ಪಲಿಗಳು ಓಡಿಬಂದವು. ಬಾಗಿಲು ಧಡಾರನೆ ತೆರೆಯಿತು. ಅಂಬುಜಾಕ್ಷಿ ಏದುಸಿರು ಬಿಡುತ್ತ ಹೊಸ್ತಿಲಲ್ಲಿ ನಿಂತಿದ್ದಳು. ಅವಳ ಹಿಂದೆ ಗೇಟು ಕಗ್ಗತ್ತಲು. “ಯಾರು ಆರಿಸಿದ್ದು?” ಎಂದಳು. ಆರಿಸಿದ್ದು? ನಾನು ಹಾಕಿದ್ದಲ್ಲವೇ? ಸ್ವಿಚ್ಚನ್ನು ಮತ್ತೆ ತಡವಿದೆ, ಅದು ಮೇಲಕ್ಕಿತ್ತು. ಮನೆ ದೀಪ ಹಾಕುವಾಗ ಸ್ವಿಚ್ಚು ತಾನಾಗಿ ಕೆಳಗಿಳಿಯುತ್ತದೆ. ನಾನು ಬೆರಳಿಡುವ ಮೊದಲೇ ಅದು ಇಳಿದಿತ್ತು. ಕಂಬದ ದೀಪ ಎಷ್ಟು ಹೊತ್ತಿನಿಂದ ಉರಿಯುತ್ತಿತ್ತೋ ಏನೋ, ಮುಚ್ಚಿದ ಬಾಗಿಲ ಒಳಗಿದ್ದ ನನಗೆ ಕಂಡಿರಲೇ ಇಲ್ಲ.

“ದಾಸಣ್ಣನ ಮನೆ ತಿರುವಿನಿಂದ್ಲೇ ಕಾಣ್ತಿತ್ತು ಕಣ್ರೀ! ಒಂದೇ ಒಂದು. ಕಂಬದ್ದು. ಮೊದಲು ನನಗೆ ನಂಬಿಕೆ ಬರ್ಲಿಲ್ಲ. ಸುಗಂಧಿಗೇನೋ ಅಂತ ಹಿಂದೆ ನೋಡಿದೆ, ಅವಳು ಇವತ್ತು ಅಂಗಡೀಲೇ ಉಳ್ಕೊಂಡಿದಾಳೆ. ಬೀದೀಲಿ ಇನ್ಯಾರೂ ಇಲ್ಲ. ನಾನೊಬ್ಬಳೇ! ಅಷ್ಟರಲ್ಲಿ ಟಪ್ ಅಂತ… ಇಷ್ಟು ವರ್ಷಕ್ಕೆ ಒಂದು ದೀಪ ಹತ್ತಿದ್ರೆ ಅದನ್ನೂ ಆರಿಸೋಕೆ ಗಂಡ ಅಂತ ಒಬ್ಬ ಕೂತಿರ್ತಾನಲ್ಲ ಒಳಗೆ! ನಿಮ್ಮ ಕೈಗೆ ಏನು ಬಂದಿತ್ತು? ಮುಟ್ಬೇಡಿ ಅಂತ ಸಾವಿರ ಸಲ ಹೇಳಿರ್ಲಿಲ್ವಾ?” ಬೈಯುತ್ತ ಬೈಯುತ್ತ ಅಳು ಬಂತು, ಅಳುತ್ತ ಅಳುತ್ತ ನಗು ಬಂತು. ಅವಳು ನನ್ನ ತೋಳಿಗೆ ಎರಡು ಏಟು ಕೊಟ್ಟು ಅಲ್ಲೇ ಹೊಸ್ತಿಲ ಮೇಲೆ ಕೂತುಬಿಟ್ಟಳು. ನಾನು ಯಾಕೆ ಒತ್ತಿದೆ ಎಂದು ಹೇಳಲು ಹೋಗಲಿಲ್ಲ. ಬೈಸಿಕೊಂಡು ಇಷ್ಟು ಸಂತೋಷವಾದದ್ದು ನನಗೆ ಯಾವತ್ತೂ ಇಲ್ಲ.

ಸ್ವಲ್ಪ ಹೊತ್ತಿಗೆ ಸೆರಗಿನಿಂದ ಮೂಗು ಒರೆಸಿಕೊಂಡು ಎದ್ದಳು. “ನಾನು ತಿರುವಿನ ತನಕ ಹೋಗಿ ಮತ್ತೆ ಬರ್ತೀನಿ. ನೀವು ಎರಡೂ ಕೈ ಹಿಂದಕ್ಕೆ ಕಟ್ಕೊಂಡು ನಿಂತ್ಕೊಳ್ಳಿ. ಉಸಿರು ಬಿಟ್ಟರೂ ಮೆತ್ತಗೆ ಬಿಡಿ” ಎಂದಳು. “ಮನೆಗೆ ಕೋಪ ಬಂದಿದ್ದರೆ?” ಎಂದು ಕೇಳಿದೆ. “ಅದಕ್ಕೆ ನಿಮ್ಮ ಮೇಲೆ ಬಂದಿರುತ್ತೆ, ನನ್ನ ಮೇಲೆ ಯಾಕೆ ಬರುತ್ತೆ?” ಎಂದು ಹೇಳಿ ಗೇಟು ದಾಟಿ ಹೋದಳು.

ಶಾಲೆಯ ಹುಡುಗನ ಹಾಗೆ ಕೈಕಟ್ಟಿ ಗೋಡೆಯ ಮುಂದೆ ನಿಂತೆ. ಬಾಗಿಲು ಈಗ ತೆರೆದಿತ್ತು. ಹೊರಗೆ ಅವಳ ಸದ್ದು ದೂರವಾಗಿ ಕರಗಿತು. ಆಮೇಲೆ ಏನೂ ಇಲ್ಲ. ನನಗೆ ದಿಗಿಲಾಯಿತು. ಕೈ ತಾನಾಗಿ ಬಿಚ್ಚಿಕೊಳ್ಳುವುದರಲ್ಲಿತ್ತು. ಆಗ ನನ್ನ ಮೂಗಿನ ಮುಂದೆಯೇ, ಗೋಡೆಯ ಮೇಲೆ, ಸ್ವಿಚ್ಚು ಮೆಲ್ಲಗೆ ಕೆಳಗಿಳಿಯಿತು. ಅಂಗಳದಲ್ಲಿ ಬೆಳಕು ಬಿತ್ತು, ಗೇಟಿನಾಚೆಯ ಬೀದಿಯ ಮೇಲೂ ಬಿತ್ತು.

ತಿರುವಿನಿಂದ ಅವಳು ಬರುವುದು ಕಾಣಿಸಿತು. ಮದುವೆಯಾದಂದಿನಿಂದ ಈ ಮನೆಗೆ ಓಡಿಯೇ ಬಂದವಳು ಅವಳು, ಹಾಲಿಗೆಂದು, ದೀಪಕ್ಕೆಂದು, ನನ್ನ ಊಟಕ್ಕೆಂದು. ಈಗ ನಡೆದು ಬರುತ್ತಿದ್ದಳು. ನಡುವೆ ಚೌಡಮ್ಮನ ಕಾಂಪೌಂಡಿನ ಹತ್ತಿರ ನಿಂತು ಏನೋ ಮಾತಾಡಿದಳು, ನಮ್ಮ ಕಂಬದ ಕಡೆ ಕೈ ತೋರಿಸಿದಳು, ಮತ್ತೆ ಎರಡು ಹೆಜ್ಜೆ ಹಾಕಿ ಮತ್ತೆ ನಿಂತಳು. ಮೀಟರು ಓಡುತ್ತಿತ್ತು. ಓಡಲಿ. ಅವಳು ನಿಧಾನವಾಗಿಯೇ ಬರಲಿ, ಈ ತಿಂಗಳ ಎರಡನೆಯ ಸಾಲು ನಾನು ಕಟ್ಟುತ್ತೇನೆ.